ಅಕ್ಕನ ಮನೆಯಲ್ಲಿ ‘ಸಾಕು’ ಅನ್ನುವುದು

ನನ್ನ ಅಕ್ಕ ಮೂಡಲಗಿಯವಳು. ಹುಟ್ಟಿದ್ದು ನನ್ನ ಹಾಗೆ ಘೋಡಗೇರಿಯಲ್ಲೇ, ಕೊಟ್ಟದ್ದು ಮೂಡಲಗಿಗೆ. ಆದರೆ ಒಂದು ಊರಿನಲ್ಲಿ ಇಷ್ಟು ವರ್ಷ ಒಲೆ ಹೊತ್ತಿಸಿದವಳನ್ನು ಬೇರೆ ಊರಿನವಳು ಎಂದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಅವಳ ಮನೆಗೆ ಊಟಕ್ಕೆ ಹೋಗುವವರಿಗೆ ಕೆಲವು ನಿಯಮಗಳು ಮೊದಲೇ ಗೊತ್ತಿರಬೇಕು. ‘ಬೇಡ’ ಎಂದರೆ ತಾಟಿಗೆ ಒಂದು ಹೋಳಿಗೆ ಬೀಳುತ್ತದೆ. ‘ಸಾಕು’ ಎಂದರೆ ಎರಡು. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈಮೇಲೆಯೇ ತುಪ್ಪ ಸುರಿಯುತ್ತಾಳೆ. ಏನೂ ಅನ್ನದೆ ತಲೆ ತಗ್ಗಿಸಿ ಕೂತರೆ, “ಪಾಪ, ಬಾಯಿ ಬಿಟ್ಟು ಕೇಳಾಕ ನಾಚತಾನ” ಎಂದು ಇನ್ನೂ ಹೆಚ್ಚು ಬಡಿಸುತ್ತಾಳೆ.

ಇದು ಅವಳೊಬ್ಬಳ ಹುಚ್ಚು ಎಂದುಕೊಳ್ಳಬೇಡಿ. ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿಗೆ ಹೋದರೂ ನಮ್ಮ ಕಡೆ ಮೊದಲ ‘ಬೇಡ’ ಕೇವಲ ಮರ್ಯಾದೆಗೆ. ಉಣ್ಣುವವನು ಬೇಡ ಅನ್ನಬೇಕು, ಬಡಿಸುವವರು ಜುಲುಮೆ ಮಾಡಬೇಕು, ಅವನು ಮತ್ತೆ ಬೇಡ ಅನ್ನಬೇಕು. ಹೀಗೆ ಹಗ್ಗ ಜಗ್ಗಾಡಿದ ಮೇಲೆ ಯಾರೋ ಒಬ್ಬರು ಸೋಲುತ್ತಾರೆ, ಊಟ ರುಚಿಯಾಗುತ್ತದೆ. ಬೇರೆ ಮನೆಗಳಲ್ಲಿ ಬಡಿಸುವವರೂ ಒಮ್ಮೊಮ್ಮೆ ಸೋಲುವುದುಂಟು. ನನ್ನ ಅಕ್ಕ ಸೋತದ್ದನ್ನು ನಾನು ಕಂಡಿರಲಿಲ್ಲ. ಅವಳು ಎಲ್ಲರಿಗೂ ಬಡಿಸಿ, ಪಾತ್ರೆಗಳ ತಳ ಕಂಡ ಮೇಲೆ, ಒಲೆಯ ಬದಿಯಲ್ಲಿ ಕೂತು ಉಳಿದದ್ದನ್ನು ಉಣ್ಣುವವಳು. ನಾವೆಲ್ಲ ಕೈ ತೊಳೆದು ಎಲೆ ಅಡಿಕೆಗೆ ಕೂತಾಗ ಅವಳ ಊಟ ಯಾವಾಗ ಆಯಿತೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಾನು ಚಿಕ್ಕವನಿದ್ದಾಗಲೇ ಅವ್ವ ತೀರಿಕೊಂಡಳು. ಅಪ್ಪ ಕುರಿಗಳ ಹಿಂದೆ ತಿಂಗಳುಗಟ್ಟಲೆ ಊರೂರು ತಿರುಗುತ್ತಿದ್ದ. ಹೀಗಾಗಿ ನನಗೆ ಉಣಿಸಿ ಬೆಳೆಸಿದವಳು ಅಕ್ಕ. ರೊಟ್ಟಿ ಬುಟ್ಟಿಯಲ್ಲಿ ಒಂದೇ ರೊಟ್ಟಿ ಉಳಿದಿದ್ದರೆ ಅದನ್ನು ಮುರಿದು ದೊಡ್ಡ ತುಂಡು ನನಗೆ ಕೊಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಚಿಕ್ಕ ತುಂಡೂ ನನ್ನ ಕಡೆಗೆ ಬರುತ್ತಿತ್ತು. “ನನಗ ಹಸಿವಿಲ್ಲ ತಮ್ಮಾ, ಹೊಲದಾಗ ತಿಂದ ಬಂದೇನಿ” ಅನ್ನುತ್ತಿದ್ದಳು. ನಾನು ನಂಬುತ್ತಿದ್ದೆ. ಹೊಲದಲ್ಲಿ ಯಾರೋ ಪುಣ್ಯಾತ್ಮರು ನಮ್ಮ ಅಕ್ಕನಿಗಾಗಿ ದಿನಾ ಹೋಳಿಗೆ ಕಡುಬು ಮಾಡಿಕೊಂಡು ಕಾಯುತ್ತಿರುತ್ತಾರೆ, ನನ್ನನ್ನು ಮಾತ್ರ ಕರೆದುಕೊಂಡು ಹೋಗುವುದಿಲ್ಲ ಎಂದು ಸಿಟ್ಟೂ ಮಾಡಿಕೊಳ್ಳುತ್ತಿದ್ದೆ. ಸಿಟ್ಟು ನನಗೆ ಹುಟ್ಟಿನಿಂದ ಬಂದದ್ದು, ಅದನ್ನು ಮುಚ್ಚಿಡುವುದಿಲ್ಲ.

ಮುಂದೆ ನಾನು ಹೊಲಿಗೆ ಕಲಿತೆ, ಗೋಕಾಕದ ಬಜಾರದಲ್ಲಿ ಅಂಗಡಿ ಹಾಕಿದೆ. ಆಯುಷ್ಯವೆಲ್ಲ ಮಷೀನಿನ ಮುಂದೆ ಕೂತೇ ಕಳೆದಿದ್ದೇನೆ. ಕಾಲು ಆಡುತ್ತಿತ್ತು, ಆದರೆ ಆಡಿದ ಕಾಲು ಎಲ್ಲಿಗೂ ಹೋಗುತ್ತಿರಲಿಲ್ಲ. ಬಾಜೂ ಅಂಗಡಿಯಿಂದ ಚಹಾ ಬರುತ್ತಿತ್ತು, ಚಹಾದ ಜೊತೆ ಮಿರ್ಚಿ ಬಜಿ ಬರುತ್ತಿತ್ತು. ನಮ್ಮ ಕಸುಬಿನಲ್ಲಿ ಒಂದು ಅನುಕೂಲವಿದೆ. ಪ್ಯಾಂಟು ಹೊಲಿಯುವಾಗ ಹಿಂದಿನ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತೇವೆ, ಗಿರಾಕಿ ದಪ್ಪಗಾದರೆ ಬಿಚ್ಚಿ ಸಡಿಲ ಮಾಡಲಿಕ್ಕೆ. ಬೇರೆಯವರಿಗೆ ಪ್ಯಾಂಟು ಬಿಗಿಯಾದರೆ ಹೊಟ್ಟೆ ಬಂದದ್ದು ತಿಳಿಯುತ್ತದೆ. ನನಗೆ ಹಾಗಾಗಲಿಲ್ಲ. ಬಿಗಿಯಾದ ದಿನವೇ ಹೊಲಿಗೆ ಬಿಚ್ಚಿ, ಮತ್ತೆ ಹಾಕಿ, ಸುಖವಾಗಿ ಮಷೀನಿಗೆ ಕೂತುಬಿಡುತ್ತಿದ್ದೆ. ಊರಿನವರ ಸೊಂಟಕ್ಕೆಲ್ಲ ಟೇಪು ಹಿಡಿದವನು ನನ್ನ ಸೊಂಟಕ್ಕೆ ಹಿಡಿದದ್ದು, ಒಳಗೆ ಬಿಟ್ಟ ಬಟ್ಟೆಯೆಲ್ಲ ಮುಗಿದ ಮೇಲೆ.

ಅದೇ ಹೊತ್ತಿಗೆ ಬಲಗಡೆ ಪಕ್ಕೆಯ ಕೆಳಗೆ ಭಾರ ಭಾರ ಅನ್ನಿಸತೊಡಗಿತು. ಊಟವಾದ ಮೇಲೆ ದಣಿವು. ಹೆಂಡತಿ ಅದು ಕಲ್ಲೇ ಎಂದು ತೀರ್ಮಾನ ಮಾಡಿದಳು. ಅವಳು ಹುಕ್ಕೇರಿಯವಳು, ಅವಳ ತವರಿನಲ್ಲಿ ಯಾರಿಗೆ ಹೊಟ್ಟೆ ನೋವು ಬಂದರೂ ಅದು ಮೂತ್ರದ ಕಲ್ಲೇ ಆಗಿರುತ್ತದೆ. ದವಾಖಾನೆಗೆ ಹೋದೆವು. ಸ್ಕ್ಯಾನಿಂಗ್ ಆಯಿತು. ಡಾಕ್ಟರು ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು.

“ಕಾಕಾರ, ಕಲ್ಲಿಲ್ಲ. ಆದ್ರ ಲಿವರ್‌ದಾಗ ಕೊಬ್ಬು ಕುಂತೈತಿ. ಫ್ಯಾಟಿ ಲಿವರ್ ಅಂತಾರ ಇದಕ್ಕ” ಎಂದರು.

ನನ್ನ ಕಿವಿಗೆ ಲಿವರ್ ಎಂಬುದಷ್ಟೇ ಬಿತ್ತು. “ಬಾಯೀರ, ನಾ ಹನಿ ಸೈತ ಮುಟ್ಟಿದಾಂವ ಅಲ್ರಿ. ಬೇಕಾದ್ರ ಬಜಾರದಾಗ ಯಾರನ್ನರ ಕೇಳ್ರಿ” ಎಂದೆ. ಹೆಂಡತಿಯೂ ಸಾಕ್ಷಿಗೆ ತಲೆ ಆಡಿಸಿದಳು.

“ನೀವು ಕುಡೀತೀರಿ ಅಂತ ನಾ ಅಂದಿಲ್ರಿ. ಕುಡೀಲಾರದವರಿಗೂ ಇದು ಬರ್ತೈತಿ. ಕುಂತ ಕೆಲಸ, ಸಿಹಿ, ಕರದದ್ದು, ಬೆಳದ ಹೊಟ್ಟಿ. ವಯಸ್ಸಾದ ಮ್ಯಾಲ ಭಾಳ ಮಂದಿಗೆ ಕಾಣಸ್ತೈತಿ. ಈಗ ಗೊತ್ತಾದದ್ದು ಚಲೋನ ಆತು. ನೀವು ಬದಲಾದ್ರ ಲಿವರ್ ಸುಧಾರಸ್ತೈತಿ.”

ಆಮೇಲೆ ಅವರು ಏನು ಉಣ್ಣಬೇಕು ಎಂದು ಹೇಳಿದರು. ಜೋಳದ ರೊಟ್ಟಿ, ಕಾಳಿನ ಪಲ್ಯ, ತಪ್ಪಲಿನ ಅಂದರೆ ಸೊಪ್ಪಿನ ಪಲ್ಯ, ಹಸಿ ತರಕಾರಿ, ಮಜ್ಜಿಗೆ. ಅನ್ನ ಕಡಿಮೆ, ಎಣ್ಣೆ ಕಡಿಮೆ, ಸಿಹಿ ಅಂದರೆ ಹಬ್ಬಕ್ಕೊಂದು ಚೂರು. ದಿನಾ ನಡೆಯಬೇಕು. ನಾನು ವೀರಾವೇಶದಿಂದ, “ವಾರದಾಗ ಎರಡ ದಿನ ಉಪವಾಸ ಮಾಡ್ತೇನ್ರಿ” ಎಂದೆ. “ಬ್ಯಾಡ್ರಿ. ಈ ವಯಸ್ಸಿನ್ಯಾಗ ಉಪವಾಸ ಕೂತ್ರ ತೋಳಿನ ಶಕ್ತಿನೂ ಹೋಗ್ತೈತಿ. ಉಣ್ರಿ, ತಿಳದ ಉಣ್ರಿ. ತೂಕ ಸಾವಕಾಶ ಇಳೀಲಿ” ಎಂದರು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಹಿರಿಯರು ಹೇಳಿದ್ದಾರೆ. ನನಗೆ ಎರಡೂ ಬಾರದು ಎಂದು ಹೆಂಡತಿ ರಿಕ್ಷಾದಲ್ಲಿ ಹೇಳಿದಳು.

ಆದರೆ ಮನೆ ಬಾಗಿಲು ಹಾಕಿದ ಕೂಡಲೇ ಅವಳ ಚಿಂತೆ ಬೇರೆಯಾಯಿತು. “ಲಿವರ್ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಟೇಲರ್ ಅಂಗಡಿ ಬಾಗಲಾ ಹಾಕ್ಕೊಂಡು ಒಳಗ ಕುಡೀತಿದ್ದ ಅಂತಾರ ಮಂದಿ” ಎಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಲಿವರ್ ಎಂಬುದು ಕುಡುಕರಿಗೆ ಮಾತ್ರ ಇರುವ ಅಂಗ. ಉಳಿದವರಿಗೆಲ್ಲ ಇರುವುದು ಹೊಟ್ಟೆ, ಪಿತ್ತ ಮತ್ತು ಗ್ಯಾಸು. ಹೀಗಾಗಿ ನನ್ನ ಕಾಯಿಲೆಗೆ ಪಿತ್ತ ಎಂದು ಹೆಸರಿಟ್ಟೆವು. ಕೇಳಿದವರಿಗೆಲ್ಲ ಅದನ್ನೇ ಹೇಳಿದೆವು, ಅಕ್ಕನಿಗೆ ಅದನ್ನೂ ಹೇಳಲಿಲ್ಲ. ಪಿತ್ತ ಎಂದರೆ ಅವಳು ಮೂಡಲಗಿಯಿಂದ ಮೊದಲ ಬಸ್ಸಿಗೆ ತುಪ್ಪದ ಡಬ್ಬಿ ಹಿಡಿದು ಬರುತ್ತಿದ್ದಳು.

ಮರುದಿನ ನಸುಕಿನಲ್ಲಿ ಘಟಪ್ರಭೆಯ ದಂಡೆಯ ದಾರಿ ಹಿಡಿದು ನಡೆಯಲು ಹೊರಟೆ. ಬಜಾರದವರು ನೋಡದಿರಲಿ ಎಂದು ತಲೆಗೆ ಮಫ್ಲರ್ ಸುತ್ತಿದ್ದೆ. ಎದುರಿನಿಂದ ಇನ್ನೊಬ್ಬರು ಶಾಲು ಹೊದ್ದು ಬರುತ್ತಿದ್ದರು. ಹತ್ತಿರ ಬಂದಾಗ ನೋಡಿದರೆ ನನ್ನ ಗೆಳೆಯ. ನನ್ನ ಅಂಗಡಿಯ ಎದುರಿಗೇ ಅವನ ಬಟ್ಟೆ ಅಂಗಡಿ. ಅವನು ಕತ್ತರಿಸಿ ಕೊಟ್ಟ ಬಟ್ಟೆಯನ್ನು ನಾನು ಹೊಲಿಯುತ್ತ ಇಬ್ಬರೂ ಮುದುಕರಾಗಿದ್ದೇವೆ. ಅವರ ಮನೆತನ ತಲೆಮಾರುಗಳಿಂದ ಗೋಕಾಕದಲ್ಲೇ ವ್ಯಾಪಾರ ಮಾಡಿಕೊಂಡು ಬಂದದ್ದು. ಐದು ಹೊತ್ತು ನಮಾಜು ತಪ್ಪಿಸದವನು, ಬೆಳಗಿನ ನಮಾಜು ಮುಗಿಸಿ ಮನೆಗೆ ಹೋಗುವ ಬದಲು ಇಲ್ಲಿ ಏನು ಮಾಡುತ್ತಿದ್ದಾನೆ ಎಂದು ನನಗೆ ಆಶ್ಚರ್ಯ.

“ಏನೋ ಟೇಲರ್, ಇಷ್ಟ ಲಗೂ?” ಎಂದ.

“ಸ್ವಲ್ಪ ಪಿತ್ತ ಆಗೇತಿ. ನಡೀ ಅಂದಾರ.”

“ನನಗೂ ಪಿತ್ತನ ಆಗೇತಿ.”

ಅವನು ಹೊರಳಿ ನನ್ನ ಜೊತೆ ಸ್ವಲ್ಪ ದೂರ ನಡೆದ. ಆಮೇಲೆ ಅವನು ನಿಂತು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದ. “ಖರೆ ಹೇಳು. ನಿನ್ನ ಪಿತ್ತ ಸ್ಕ್ಯಾನಿಂಗ್‌ದಾಗ ಬಂದದ್ದೇನು?”

ನಾನು ಹೌದು ಎಂದೆ. ಅವನು ನಕ್ಕ ನಗೆಗೆ ದಂಡೆಯ ಮೇಲಿದ್ದ ಬೆಳ್ಳಕ್ಕಿಗಳು ಎದ್ದು ಹೋದವು. “ತೌಬಾ, ಯಾರ್, ದಾರೂ ಅಂಗಡಿ ಇರೂ ಓಣ್ಯಾಗ ನಾ ಕಾಲ ಇಟ್ಟಾಂವಲ್ಲ. ಮಸೀದಿ ಮುಂದ ನಿಂತು ಲಿವರ್ ಅಂತ ಹೆಂಗ ಹೇಳ್ಲಿ ಹೇಳು?” ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕದಿಯದೇ ಇದ್ದ ನಾವಿಬ್ಬರೂ ಸುಮ್ಮನೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆವು. ಅಂದಿನಿಂದ ನಾವು ಜೊತೆಗೇ ನಡೆಯತೊಡಗಿದೆವು.

ಇಬ್ಬರೂ ಸೇರಿದ್ದಕ್ಕೆ ತಪ್ಪೂ ಸೇರಿಯೇ ಮಾಡಿದೆವು. ಅದು ಗೋಕಾಕದವರು ಮಾತ್ರ ಮಾಡಬಹುದಾದ ತಪ್ಪು. ಸಕ್ಕರೆ ಬೇಡ ಎಂದಿದ್ದರಲ್ಲ, ಚಹಾಕ್ಕೆ ಬೆಲ್ಲ ಹಾಕತೊಡಗಿದೆವು. ಬೆಲ್ಲ ನಮ್ಮದೇ ಕಬ್ಬಿನದು, ಅದು ಹೇಗೆ ಕೆಡುಕು ಮಾಡೀತು? ಇನ್ನು ಕರದಂಟು. ಅಂಟು, ಒಣಕೊಬ್ಬರಿ, ಬಾದಾಮಿ, ದ್ರಾಕ್ಷಿ ಹಾಕಿ ಬೆಲ್ಲದ ಪಾಕದಲ್ಲಿ ಮಾಡುವ ನಮ್ಮೂರಿನ ತಿಂಡಿ ಅದು. ಪರ ಊರಿನವರು ಅದನ್ನು ಸಿಹಿ ಎಂದು ಕೊಳ್ಳುತ್ತಾರೆ. ನಮಗೆ ಅದು ಸಿಹಿಯ ಲೆಕ್ಕಕ್ಕೆ ಬರುವುದಿಲ್ಲ. ಬಾಣಂತಿಯರಿಗೆ ಕೊಡುತ್ತಾರೆ, ಸೊಂಟಕ್ಕೆ ಗಟ್ಟಿ, ಅಂದಮೇಲೆ ಅದು ಔಷಧಿ. ನಡೆದ ದಣಿವಿಗೆ ಇರಲಿ ಎಂದು ಗೆಳೆಯ ಕಿಸೆಯಲ್ಲಿ ಕಾಗದದ ಪೊಟ್ಟಣ ತರುತ್ತಿದ್ದ. ನದಿ ದಂಡೆಯ ಕಲ್ಲಿನ ಮೇಲೆ ಕೂತು, ಸೂರ್ಯ ಹುಟ್ಟುವುದನ್ನು ನೋಡುತ್ತ, ಇಬ್ಬರೂ ಔಷಧಿ ತೆಗೆದುಕೊಳ್ಳುತ್ತಿದ್ದೆವು. ಎಷ್ಟು ಚೆನ್ನಾಗಿರುತ್ತಿತ್ತು ಎಂದರೆ, ಕಾಯಿಲೆ ಬಂದದ್ದೇ ಒಳ್ಳೆಯದಾಯಿತು ಅನ್ನಿಸುತ್ತಿತ್ತು.

ಮತ್ತೆ ದವಾಖಾನೆಗೆ ಹೋದಾಗ ತೂಕ ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಡಾಕ್ಟರು ಬೆಳಗಿನಿಂದ ರಾತ್ರಿಯವರೆಗೆ ಏನೇನು ತಿನ್ನುತ್ತೀರಿ ಎಂದು ಒಂದೊಂದಾಗಿ ಕೇಳಿದರು. ನಾನು ಎಲ್ಲ ಹೇಳಿದೆ. ಕರದಂಟು ಮಾತ್ರ ಹೇಳಲಿಲ್ಲ, ಏಕೆಂದರೆ ಅವರು ತಿನ್ನುವುದನ್ನು ಕೇಳಿದ್ದರು, ಔಷಧಿಯನ್ನು ಕೇಳಿರಲಿಲ್ಲ. ಹೆಂಡತಿಯೇ ಹೇಳಿಬಿಟ್ಟಳು.

ಡಾಕ್ಟರು ಪೆನ್ನು ಕೆಳಗಿಟ್ಟರು. “ಕಾಕಾರ, ಕರದಂಟು ಹಡದವರಿಗೆ ಕೊಡ್ತಾರ್ರಿ. ನೀವು ಯಾವಾಗ ಹಡದ್ರಿ?”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ, ಆದರೆ ಆ ದಿನ ಮಧ್ಯಾಹ್ನದಿಂದ ನನ್ನ ಊಟದ ಆಡಳಿತ ಪೂರ್ತಿ ಅವಳ ಕೈಗೆ ಹೋಯಿತು. ಬೆಲ್ಲವೂ ಸಕ್ಕರೆಯ ತಮ್ಮನೇ ಎಂದು ಅವಳು ಡಾಕ್ಟರಿಂದ ಕೇಳಿಕೊಂಡು ಬಂದಿದ್ದಳು. ಮೊದಮೊದಲು ತಾಟು ನೋಡಿದರೆ ಸಿಟ್ಟು ಬರುತ್ತಿತ್ತು. ಎರಡು ರೊಟ್ಟಿ, ಬಟ್ಟಲ ತುಂಬ ಮಡಕೆ ಕಾಳಿನ ಪಲ್ಯ, ಮೆಂತ್ಯೆ ತಪ್ಪಲು, ಸೌತೆಕಾಯಿ, ಗುರೆಳ್ಳು ಚಟ್ನಿ, ದೊಡ್ಡ ಲೋಟದಲ್ಲಿ ಮಜ್ಜಿಗೆ. “ಇದೇನ ಮನಷ್ಯಾ ಉಣ್ಣೂದೋ, ಎತ್ತು ಮೇಯೂದೋ?” ಎಂದು ಒಮ್ಮೆ ಕೇಳಿದೆ. “ಎತ್ತಿಗೆ ಯಾವಾಗರ ಹೊಟ್ಟಿ ಬಂದದ್ದು ನೋಡೀರೇನು?” ಎಂದಳು. ನಾನು ರೊಟ್ಟಿ ಮುರಿದೆ.

ಆದರೆ ನಾಲಿಗೆ ಬಲು ಬೇಗ ಪಕ್ಷ ಬದಲಿಸುತ್ತದೆ. ಬಿಸಿ ರೊಟ್ಟಿಯ ಅಂಚು ಕಚ್ಚಿದರೆ ಬರುವ ಸಿಹಿ ನನಗೆ ಮರೆತೇ ಹೋಗಿತ್ತು. ಅದು ತಿರುಗಿ ಬಂತು. ಎಳೆ ಮೂಲಂಗಿಯ ಖಾರ ಬಂತು. ಊಟವಾದ ಮೇಲೆ ಮಷೀನಿನ ಮೇಲೆ ತಲೆ ಇಟ್ಟು ತೂಕಡಿಸುವುದು ನಿಂತಿತು. ಒಂದು ದಿನ ನಡೆಯುವಾಗ ಪ್ಯಾಂಟು ಜಾರಿತು. ಗೆಳೆಯ ನಕ್ಕ, ನಾನು ಪ್ಯಾಂಟು ಹಿಡಿದುಕೊಂಡೇ ಅಂಗಡಿಗೆ ಓಡಿದೆ. ಇಷ್ಟು ವರ್ಷ ಬಿಚ್ಚುತ್ತ ಬಂದ ಹೊಲಿಗೆಯನ್ನು ಅವತ್ತು ಒಳಗೆ ಹಿಡಿದು ಹಾಕಿದೆ. ಎಷ್ಟೋ ಮದುಮಕ್ಕಳ ಬಟ್ಟೆ ಹೊಲಿದಿದ್ದೇನೆ, ಆದರೆ ಆ ಹೊಲಿಗೆ ಹಾಕುವಾಗ ಆದ ಖುಷಿ ಯಾವತ್ತೂ ಆಗಿರಲಿಲ್ಲ. ಮುಂದಿನ ಸ್ಕ್ಯಾನಿಂಗಿನಲ್ಲಿ ಕೊಬ್ಬು ಇಳಿಯುತ್ತಿದೆ ಎಂದು ಡಾಕ್ಟರು ಹೇಳಿದರು.

ಇಷ್ಟರಲ್ಲಿ ಹುಕ್ಕೇರಿಯಲ್ಲಿ ಹೆಂಡತಿಯ ತವರಿನವರ ಮದುವೆ ಬಂತು. ‘ಬೇಡ’ ಎನ್ನುವುದನ್ನು ಅಲ್ಲಿ ಪರೀಕ್ಷೆ ಮಾಡಿ ನೋಡಿದೆ. ಜಿಲೇಬಿ ತಂದವನಿಗೆ ಬೇಡ ಎಂದೆ, ಹಾಕಿದ. ಖರೇನೇ ಬೇಡ ಎಂದೆ, ಮತ್ತೆ ಹಾಕಿದ. ಸಿಟ್ಟಿನಿಂದ ಬೇಡ ಎಂದೆ. ಅಳಿಯಂದಿರು ಮುನಿಸಿಕೊಂಡಿದ್ದಾರೆ ಎಂದು ಬೀಗರೆಲ್ಲ ಓಡಿ ಬಂದು ತಮ್ಮ ಕೈಯಾರೆ ಹಾಕಿದರು. ಆಗ ನನಗೆ ಖಾತ್ರಿಯಾಯಿತು. ನಮ್ಮ ಸೀಮೆಯಲ್ಲಿ ನಿಜವಾಗಿ ಬೇಡವಾದದ್ದನ್ನು ಬೇಡ ಎಂದು ಹೇಳಲು ದಾರಿಯೇ ಇಲ್ಲ. ಹುಕ್ಕೇರಿಯಲ್ಲೇ ಹೀಗಾದರೆ ಮೂಡಲಗಿಯಲ್ಲಿ ಅಕ್ಕನ ಎದುರು ಏನು ಮಾಡಲಿ? ಅವಳಿಗೆ ನೋವು ಮಾಡದೆ ಅವಳ ಕೈ ತಡೆಯುವುದು ಹೇಗೆಂದು ತಿಳಿಯಲಿಲ್ಲ. ಹೋಗುವುದನ್ನೇ ತಪ್ಪಿಸಿದೆ. ಒಮ್ಮೆ ಮದುವೆ ಬಟ್ಟೆಗಳ ಗಡಿಬಿಡಿ ಎಂದೆ, ಇನ್ನೊಮ್ಮೆ ಬಸ್ಸು ಸಿಗಲಿಲ್ಲ ಎಂದೆ.

ನಾಗರಪಂಚಮಿಗೆ ಅವಳು ಮೂಡಲಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಡಬ್ಬಿ ತುಂಬ ಉಂಡಿ ಕಳಿಸಿದಳು. ನಾನು ಡಬ್ಬಿಯನ್ನು ಹಾಗೇ ಬಾಜೂ ಅಂಗಡಿಯವರಿಗೆ ಕೊಟ್ಟುಬಿಟ್ಟೆ. ಡಬ್ಬಿಯೊಳಗೆ ಕೈ ಹಾಕಿದರೆ ಕೈ ಹೊರಗೆ ಬಾರದೆಂದು ಮುಚ್ಚಳ ತೆಗೆದೂ ನೋಡಲಿಲ್ಲ. ಸಂಜೆ ಫೋನು ಬಂತು.

“ಉಂಡಿ ಹೆಂಗಾಗಿದ್ವೋ ತಮ್ಮಾ?”

“ಭಾಳ ಚಲೋ ಆಗಿದ್ವಬೇ ಯಕ್ಕಾ.”

“ಶೇಂಗಾದವು ಚಲೋ ಆಗಿದ್ವೋ, ಎಳ್ಳಿನವೋ?”

“ಎರಡೂ ಚಲೋ ಆಗಿದ್ವು. ಎಳ್ಳಿನವು ಒಂದ ತೂಕ ಹೆಚ್ಚು.”

“ಎಳ್ಳಿನವು ಈ ಸಲ ನಾ ಮಾಡೇ ಇಲ್ಲ” ಎಂದಳು. ನಾನು ಏನೋ ಹೇಳಲು ಹೋದೆ. “ಆತು ಬಿಡು” ಎಂದು ಫೋನು ಇಟ್ಟಳು.

ನನ್ನ ಅಕ್ಕ ಬೈದರೆ ನನಗೆ ಭಯವಿಲ್ಲ. ಅವಳು ಬೈದು ಬೈದೇ ನನ್ನನ್ನು ದೊಡ್ಡವನನ್ನಾಗಿ ಮಾಡಿದ್ದಾಳೆ. ‘ಆತು ಬಿಡು’ ಎಂದದ್ದು ಮಾತ್ರ ಎದೆಗೆ ನಾಟಿತು. ಪ್ರತಿ ರವಿವಾರ ಬರುತ್ತಿದ್ದ ಅವಳ ಫೋನು ನಿಂತಿತು. ನಾನು ಮಾಡಿದರೆ ಅವಳ ಗಂಡ, ನಮ್ಮ ಮಾವ, ಎತ್ತಿಕೊಂಡು, ಅಕ್ಕ ಹಿತ್ತಲಲ್ಲಿದ್ದಾಳೆ, ಅಕ್ಕ ಹೊಲದಲ್ಲಿದ್ದಾಳೆ ಅನ್ನುತ್ತಿದ್ದರು. ತಮ್ಮನಿಗೆ ತನ್ನ ಕೈಯ ಅಡುಗೆ ಬೇಡವಾಯಿತು, ಗೋಕಾಕದ ರುಚಿ ಹತ್ತಿತು ಎಂದು ಅವಳು ಯಾರದೋ ಮುಂದೆ ಅಂದಳಂತೆ. ಹೇಳಿದರೆ ಲಿವರ್ ಬಯಲು, ಹೇಳದಿದ್ದರೆ ಅಕ್ಕ ದೂರ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಮೈ ಹಗುರಾದ ಖುಷಿಯಲ್ಲಿ ಅರ್ಧ ಅಲ್ಲೇ ಹೋಯಿತು.

ಎಳ್ಳು ಅಮಾವಾಸ್ಯೆ, ನಮ್ಮ ಎಳ್ಳಮಾಸಿ, ಹತ್ತಿರ ಬಂದಾಗ ಮಾವ ಫೋನು ಮಾಡಿದರು. “ಹೊಲಕ್ಕ ಬಾರಪಾ, ಚರಗ ಚೆಲ್ಲೂದೈತಿ. ನಿಮ್ಮ ಅಕ್ಕ ಹೇಳ ಅಂದಾಳ” ಎಂದರು. ಅವಳೇ ಹೇಳಲಿಲ್ಲ, ಹೇಳಿಸಿದಳು. ಎಳ್ಳಮಾಸಿಗೆ ನಮ್ಮ ಕಡೆ ಮನೆಯ ಅಡುಗೆಯೆಲ್ಲ ಬುಟ್ಟಿಯಲ್ಲಿ ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಎಡೆ ಮಾಡಿ, ಬೆಳೆಯ ಸುತ್ತ ಅನ್ನ ಕಡುಬುಗಳ ಚರಗ ಚೆಲ್ಲಿ, ಅದಾದ ಮೇಲೆ ಎಲ್ಲರೂ ಹೊಲದಲ್ಲೇ ಕೂತು ಉಣ್ಣುತ್ತೇವೆ. ನಾನು, ಹೆಂಡತಿ, ಗೆಳೆಯ ಮೂವರೂ ಹೊರಟೆವು. ಗೆಳೆಯ ಪ್ರತಿ ವರ್ಷ ಬರುವವನೇ. ಅಕ್ಕ ಅವನನ್ನೂ ತಮ್ಮಾ ಎಂದೇ ಕರೆಯುತ್ತಾಳೆ. ಬಸ್ಸಿನಲ್ಲಿ ಅವನು, “ಇವತ್ತ ಹೇಳಿಬಿಡು. ಉಂಡ ಮ್ಯಾಲ ಹೇಳೂದಕ್ಕಿಂತ ಉಣ್ಣೂಕಿಂತ ಮೊದಲ ಹೇಳೂದು ಚಲೋ” ಎಂದ. ನಾನು ಕಿಟಕಿ ಕಡೆ ಮುಖ ಮಾಡಿ ಕೂತೆ.

ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಅಂಚಿನಲ್ಲಿ ಕುಸುಬೆ, ನಡುವೆ ಹಸಿ ಕಡಲೆ. ಎಳೆ ಬಿಸಿಲು, ತಣ್ಣನೆಯ ಗಾಳಿ. ಪೂಜೆಯಾಯಿತು, ಚರಗ ಚೆಲ್ಲಿದ್ದಾಯಿತು. ಬನ್ನಿ ಗಿಡದ ನೆರಳಿನಲ್ಲಿ ಕಂಬಳಿ ಹಾಸಿ ಕೂತೆವು. ಬುಟ್ಟಿಗಳ ಬಟ್ಟೆ ಸರಿಸಿದಾಗ ಬಂದ ವಾಸನೆಗೆ ನನ್ನ ಲಿವರ್ ಕೂಡ ಎದ್ದು ಕೂತಿರಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕರಿಗಡಬು, ಕಾಳಿನ ಪಲ್ಯ, ಮೊಸರು ಬುತ್ತಿ. ಅಕ್ಕ ಹೋಳಿಗೆಯ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಸಾಲಿನ ತುದಿಯಿಂದ ಬಡಿಸುತ್ತ ಬಂದಳು. ನಾನು ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದು ಕಾದೆ.

ಅವಳು ನನ್ನ ಮುಂದೆ ನಿಂತಳು. “ನೀಡಲೇನ್ರಿ?” ಎಂದು ಕೇಳಿದಳು.

ನನಗೆ ‘ರಿ’ ಹಚ್ಚಿದಳು. ಹೊರಗಿನಿಂದ ಬಂದವರಿಗೆ ಹಚ್ಚುವ ಹಾಗೆ. ನಾನು ಗಾಬರಿಯಲ್ಲಿ, “ಸಾಕು” ಎಂದೆ.

“ಹೂಂ” ಎಂದು ಮುಂದೆ ಹೋದಳು.

ಅಷ್ಟೇ. ಹೋಳಿಗೆ ಬೀಳಲಿಲ್ಲ, ಕೈಮೇಲೆ ತುಪ್ಪ ಬೀಳಲಿಲ್ಲ. ನನ್ನ ಆಯುಷ್ಯದಲ್ಲಿ ಮೊದಲ ಬಾರಿಗೆ ಅಕ್ಕ ನನ್ನ ‘ಸಾಕು’ ನಂಬಿದ್ದಳು. ತಿಂಗಳುಗಟ್ಟಲೆ ನಾನು ಬೇಡಿಕೊಂಡದ್ದು ಅದನ್ನೇ. ಸಿಕ್ಕಾಗ ಮಾತ್ರ ಅದು ಬೇಡವಾಯಿತು. ಗೆಳೆಯ ಮೊಣಕೈಯಿಂದ ತಿವಿದ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

“ಯಕ್ಕಾ, ನನಗ ಯಾಕ ಜುಲುಮಿ ಮಾಡವಲ್ಲಿ?” ಎಂದು ಕೂಗಿಬಿಟ್ಟೆ.

ಸಾಲಿನಲ್ಲಿ ಕೂತವರೆಲ್ಲ ಕೈ ನಿಲ್ಲಿಸಿದರು. ಅಕ್ಕ ತಿರುಗಿ ನೋಡದೆಯೇ, “ಬ್ಯಾಡಾದವರಿಗೆ ಯಾಕ ಜುಲುಮಿ ಮಾಡ್ಲಿ?” ಎಂದಳು.

“ಬ್ಯಾಡಾಗಿಲ್ಲಬೇ. ನನ್ನ ಲಿವರ್‌ದಾಗ ಕೊಬ್ಬು ಕುಂತೈತಿ. ಡಾಕ್ಟರ್ ಸಿಹಿ, ತುಪ್ಪ ಕಡಿಮಿ ಮಾಡಂದಾರ. ನಿನಗ ಹೇಳಾಕ ಅಂಜಿ ಇಷ್ಟ ದಿನ ಸುಳ್ಳ ಹೇಳೇನಿ.”

ಮಾವ ಬಹಳ ಕನಿಕರದಿಂದ, “ಯಾವಾಗಿಂದ ಚಾಲೂ ಮಾಡಿದ್ಯೋ?” ಎಂದು ಕೇಳಿದರು. ಹೆಂಡತಿ ಹಣೆ ಬಡಿದುಕೊಂಡಳು.

ಗೆಳೆಯ ಎದ್ದು ನಿಂತ. “ಮಾವಾರ, ನನಗೂ ಅದ ಆಗೇತಿ. ಈಗ ನಾನೂ ಕುಡೀತೇನಿ ಅಂತೀರೇನು?” ಎಂದ. ಅವನ ಬಿಳಿ ಗಡ್ಡ, ತಲೆಯ ಟೊಪ್ಪಿಗೆ ನೋಡಿ ಮಾವ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಅವರಿಗೇ ನಗೆ ಬಂತು. ಅವರ ಹಿಂದೆ ಇಡೀ ಸಾಲು ನಕ್ಕಿತು. ಕರದಂಟಿನ ಔಷಧಿಯ ಕತೆಯನ್ನೂ, ಡಾಕ್ಟರು ಕೇಳಿದ್ದನ್ನೂ ಗೆಳೆಯ ಹೇಳಿದ. ನಕ್ಕು ನಕ್ಕು ಮಾವನಿಗೆ ಕೆಮ್ಮು ಬಂತು, ಹೆಂಡತಿ ನೀರು ಕೊಟ್ಟಳು.

ಅಕ್ಕ ನಗಲಿಲ್ಲ. ಬುಟ್ಟಿ ಕೆಳಗಿಟ್ಟು ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. “ಬ್ಯಾಡಂತ ಬಾಯಿಬಿಟ್ಟು ಹೇಳಬೇಕೋ ಇಲ್ಲೋ ಹುಚ್ಚಾ?” ಎಂದಳು. ‘ರಿ’ ಹೋಗಿತ್ತು, ನನಗೆ ಅಳು ಬರುವಷ್ಟು ಸಂತೋಷವಾಯಿತು.

“ನೀ ಬ್ಯಾಡ ಅಂದ್ರ ಎಲ್ಲಿ ನಂಬ್ತಿ?”

“ಹೆಂಗ ನಂಬಲಿ? ಬ್ಯಾಡ ಅಂದವರು ಹಸದಿರ್ತಾರ. ಅದು ನನಗಿಂತ ಚಲೋ ಯಾರಿಗೆ ಗೊತ್ತೈತಿ?”

ಅವಳು ಅದನ್ನು ಸಹಜವಾಗಿಯೇ ಅಂದಳು, ಕೈಗೆ ಹತ್ತಿದ ಹೋಳಿಗೆಯ ಹಿಟ್ಟು ಒರೆಸಿಕೊಳ್ಳುತ್ತ. ನನಗೆ ಮಾತ್ರ ಘೋಡಗೇರಿಯ ಮನೆ, ರೊಟ್ಟಿ ಬುಟ್ಟಿ, ಆಚೆಯಿಂದ ಈಚೆಗೆ ಬರುತ್ತಿದ್ದ ಚಿಕ್ಕ ತುಂಡು ಎಲ್ಲ ಕಣ್ಣಿಗೆ ಕಟ್ಟಿದವು. ಹೊಲದಲ್ಲಿ ಅವಳಿಗಾಗಿ ಅಡುಗೆ ಮಾಡಿಕೊಂಡು ಕಾಯುತ್ತಿದ್ದ ಪುಣ್ಯಾತ್ಮರು ಯಾರೂ ಇರಲಿಲ್ಲ. ಇಷ್ಟು ವಯಸ್ಸಾದ ಮೇಲೆ ತಿಳಿಯಬೇಕಾದ ವಿಷಯವಲ್ಲ ಅದು, ಆದರೆ ನಿಜವಾಗಿ ತಿಳಿದದ್ದು ಅವತ್ತೇ. ಹಸಿದು ‘ಬೇಡ’ ಅಂದವಳು ಬೇರೆ ಯಾರ ‘ಬೇಡ’ವನ್ನೂ ಹೇಗೆ ನಂಬಿಯಾಳು?

“ಏನ್ ತಿನ್ನಂದಾರ ಡಾಕ್ಟರು?” ಎಂದು ಕೇಳಿದಳು.

“ರೊಟ್ಟಿ, ತಪ್ಪಲ, ಕಾಳು, ಮಜ್ಜಿಗಿ.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ನಗತೊಡಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. “ನನ್ನ ತಮ್ಮಗ ಮತ್ತ ಬರೇ ರೊಟ್ಟಿ ತಪ್ಪಲ ನೀಡೂ ಹೊತ್ತು ಬರಬಾರದಂತ ದೇವರಿಗೆ ಬೇಡಿಕೊಂಡಿದ್ದೆ. ಈಗ ದವಾಖಾನಿಯವರು ಅದನ್ನ ತಿನ್ನಂತಾರ ನೋಡು” ಎಂದಳು. ಗೆಳೆಯ, “ಅಕ್ಕಾರ, ಆ ಊಟಕ್ಕ ಈಗ ಫೀಸ್ ಕೊಟ್ಟು ಬರಬೇಕ್ರಿ” ಎಂದ. ಅವಳು ಮತ್ತೆ ನಕ್ಕಳು.

ಹೋಳಿಗೆಯ ಬುಟ್ಟಿಯನ್ನು ಹೆಂಡತಿಯ ಕಡೆಗೆ ತಳ್ಳಿ, “ಏ ತಂಗಿ, ಉಳಿದವರಿಗೆ ನೀ ನೀಡು” ಎಂದಳು. ಸಾಲು ಅರ್ಧ ಊಟದಲ್ಲಿತ್ತು, ಪಾತ್ರೆಗಳು ತುಂಬಿದ್ದವು. ಅವಳು ಅಲ್ಲೇ ಕಂಬಳಿಯ ಮೇಲೆ, ನನ್ನ ಪಕ್ಕದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಳು. ಗಂಡಸರ ಸಾಲಿನಲ್ಲಿ ಅವಳು ಕೂತದ್ದನ್ನು ಮಾವ ನೋಡಿ, ತಮ್ಮ ತಾಟು ಎತ್ತಿಕೊಂಡು ಸರಿದು ಜಾಗ ಕೊಟ್ಟರು. ಅವಳು ಬುಟ್ಟಿಯಿಂದ ಒಂದು ಸಜ್ಜೆ ರೊಟ್ಟಿ ತೆಗೆದಳು. ಕೈಯಲ್ಲಿ ಹಿಡಿದು ಮುರಿದಳು. ಒಂದು ದೊಡ್ಡದಾಯಿತು, ಒಂದು ಚಿಕ್ಕದಾಯಿತು. ರೂಢಿಯಂತೆ ನಾನು ದೊಡ್ಡದಕ್ಕೆ ಕೈ ಚಾಚಿದೆ.

ಅವಳು ಚಿಕ್ಕ ತುಂಡನ್ನು ನನ್ನ ತಾಟಿಗೆ ಹಾಕಿದಳು.

“ಇವತ್ತ ನನಗ ಹಸಿವಾಗೇತಿ ತಮ್ಮಾ” ಎಂದಳು. ದೊಡ್ಡ ತುಂಡಿನ ಮೇಲೆ ಪುಂಡಿಪಲ್ಯ ಹಾಕಿಕೊಂಡು, ನನ್ನ ಕಣ್ಣೆದುರೇ, ಅವಸರವಿಲ್ಲದೆ ಪೂರ್ತಿ ತಿಂದಳು.